ಕೇಬಲ್ ಇಲ್ಲದ ಮನೆಗೆ ಬೇಸ್‌ಬಾಲ್ ಬರುವ ದಾರಿಗಳು

2016ರ ಸೆಪ್ಟೆಂಬರ್ ತಿಂಗಳ ಕೊನೆಯ ದಿನಗಳು. ಅಮೆರಿಕದ ಲಾಸ್ ಏಂಜಲಿಸ್ ನಗರದ ಬೇಸ್‌ಬಾಲ್ ತಂಡ ಡಾಡ್ಜರ್ಸ್. ಅದರ ವೀಕ್ಷಕ ವಿವರಣೆಗಾರ ವಿನ್ ಸ್ಕಲ್ಲಿ ನಿವೃತ್ತರಾಗುವವರಿದ್ದರು. 1950ರಲ್ಲಿ, ತಂಡ ಇನ್ನೂ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದಾಗ ಮೈಕ್ ಹಿಡಿದಿದ್ದ ಅವರಿಗೆ ಅದು 67ನೆಯ ಋತು. ಅಜ್ಜ, ಮಗ, ಮೊಮ್ಮಗ ಹೀಗೆ ಮೂರು ತಲೆಮಾರಿನವರು ಅವರ ದನಿಯಲ್ಲೇ ಆಟವನ್ನು ಕಲಿತಿದ್ದರು. ಆದರೆ ಅವರ ಕೊನೆಯ ಮೂರು ಋತುಗಳಲ್ಲಿ ಆ ನಗರದ ಅರ್ಧಕ್ಕೂ ಹೆಚ್ಚು ಮನೆಗಳಿಗೆ ಡಾಡ್ಜರ್ಸ್ ಆಟ ಟೆಲಿವಿಷನ್ನಿನಲ್ಲಿ ಸಿಗುತ್ತಲೇ ಇರಲಿಲ್ಲ. ಕ್ರೀಡಾಂಗಣದ ದೀಪಗಳು ಕಿಟಕಿಯಿಂದ ಕಾಣುವ ಮನೆಯಲ್ಲೂ ಪರದೆಯ ಮೇಲೆ ಆಟ ಕಾಣದು!

ಕಾರಣ ಇಷ್ಟೆ. 2014ರಿಂದ ಡಾಡ್ಜರ್ಸ್ ತಂಡದ ಪ್ರಸಾರದ ಹಕ್ಕು ಒಂದು ಹೊಸ ಕೇಬಲ್ ವಾಹಿನಿಯದಾಗಿತ್ತು. ಒಪ್ಪಂದ 25 ವರ್ಷಗಳದು. ಮೊತ್ತ 835 ಕೋಟಿ ಡಾಲರ್. ಆ ವಾಹಿನಿ ಕೇಳಿದ ಬೆಲೆಯನ್ನು ಇತರ ಕೇಬಲ್ ಮತ್ತು ಉಪಗ್ರಹ ಸೇವೆಗಳು ಒಪ್ಪಲಿಲ್ಲ. ಈ ಹಗ್ಗಜಗ್ಗಾಟ ಬಹುಮಟ್ಟಿಗೆ ಮುಗಿದದ್ದು 2020ರ ಏಪ್ರಿಲ್‌ನಲ್ಲಿ.

ನಡುವೆ ಒಂದು ಸಣ್ಣ ಉದಾರತೆ ನಡೆಯಿತು. ಸ್ಕಲ್ಲಿ ಅವರ ಕೊನೆಯ ಆರು ಪಂದ್ಯಗಳನ್ನು ಕೆಟಿಎಲ್ಎ ಎಂಬ ಉಚಿತ ಭೂಪ್ರಸಾರ ವಾಹಿನಿಯೂ ತೋರಿಸಲು ಅನುಮತಿ ದೊರೆಯಿತು. ತಿಂಗಳ ಬಾಡಿಗೆ ಕಟ್ಟುವಂತಿಲ್ಲ, ಪೆಟ್ಟಿಗೆ ಕೊಳ್ಳುವಂತಿಲ್ಲ. ಕಿಟಕಿಯ ಬಳಿ ಗೇಣುದ್ದದ ಆಂಟೆನಾ ಇಟ್ಟವರಿಗೂ ಆಟ ಬಂತು.

ಆ ಆರು ಪಂದ್ಯಗಳು ಮನೆಗೆ ಬಂದದ್ದು ಹೇಗೆ? ಉಳಿದ ನೂರಾರು ಪಂದ್ಯಗಳು ಬಾರದೆ ಉಳಿದದ್ದು ಏಕೆ? ಮೊದಲ ಪ್ರಶ್ನೆಗೆ ಉತ್ತರ ಭೌತವಿಜ್ಞಾನದಲ್ಲಿದೆ. ಎರಡನೆಯದಕ್ಕೆ ಅಲ್ಲಿ ಉತ್ತರವಿಲ್ಲ. ಕೇಬಲ್ ಇಲ್ಲದೆ ತನ್ನ ಮೆಚ್ಚಿನ ತಂಡವನ್ನು ನೋಡಬಯಸುವ ಅಮೆರಿಕದ ಅಭಿಮಾನಿ ಈ ಎರಡನ್ನೂ ತಿಳಿದಿರಬೇಕಾಗುತ್ತದೆ.

ದಿನವೂ ನಡೆಯುವ ಆಟ

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನ ದೂರದ ನೆಂಟ. ಅಲ್ಲೂ ಚೆಂಡು, ದಾಂಡು, ರನ್ನು ಇವೆ. ಒಂದು ತಂಡದಲ್ಲಿ ಒಂಬತ್ತು ಮಂದಿ, ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಅಮೆರಿಕದ ಅತಿ ದೊಡ್ಡ ವೃತ್ತಿಪರ ಕೂಟ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 30 ತಂಡಗಳಿವೆ. 29 ಅಮೆರಿಕದವು, ಒಂದು ಕೆನಡಾದ ಟೊರಾಂಟೊ ನಗರದ್ದು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಒಂದು ಪಂದ್ಯದಲ್ಲಿ ಎರಡು ತಂಡಗಳಿರುವುದರಿಂದ ಒಟ್ಟು ಪಂದ್ಯಗಳು 30ನ್ನು 162ರಿಂದ ಗುಣಿಸಿ 2ರಿಂದ ಭಾಗಿಸಿದಷ್ಟು, ಅಂದರೆ 2,430. ನಮ್ಮ ಐಪಿಎಲ್‌ನ 2025ರ ಋತುವಿನಲ್ಲಿ ನಿಗದಿಯಾಗಿದ್ದ ಪಂದ್ಯಗಳು 74.

ಇಷ್ಟೊಂದು ಪಂದ್ಯಗಳನ್ನು ರಾಷ್ಟ್ರದ ಒಂದೆರಡು ವಾಹಿನಿಗಳು ತೋರಿಸಲಾರವು. ಹೀಗಾಗಿ ಬೇಸ್‌ಬಾಲ್ ಮೊದಲಿನಿಂದಲೂ ಊರಿನ ಆಟ, ಊರಿನ ಪ್ರಸಾರ. ನಮ್ಮ ಕಥೆಯ ಗಂಟು ಇರುವುದೂ ಇಲ್ಲೇ.

ಮೊದಲ ದಾರಿ: ರೇಡಿಯೊ

ಅತ್ಯಂತ ಹಳೆಯ ದಾರಿ ಈಗಲೂ ಅತ್ಯಂತ ಅಗ್ಗದ ದಾರಿ. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗ್ ನಗರದ ಕೆಡಿಕೆಎ ಕೇಂದ್ರ ಮೇಜರ್ ಲೀಗ್‌ನ ಪಂದ್ಯವೊಂದನ್ನು ಮೊದಲ ಬಾರಿಗೆ ಬಿತ್ತರಿಸಿತು. ಹೆರಾಲ್ಡ್ ಆರ್ಲಿನ್ ಎಂಬುವರು ವಿವರಣೆ ಕೊಟ್ಟರು. ಇಂದಿಗೂ ತಂಡಗಳಿಗೆ ಊರಿನ ರೇಡಿಯೊ ಕೇಂದ್ರದ ನಂಟು ಇದೆ.

ಮಧ್ಯಮ ತರಂಗದ ರೇಡಿಯೊಗೆ ಒಂದು ವಿಶೇಷ ಗುಣವಿದೆ. ಸೇಂಟ್ ಲೂಯಿಸ್ ನಗರದ ಕೆಎಂಒಎಕ್ಸ್ ಕೇಂದ್ರವನ್ನೇ ತೆಗೆದುಕೊಳ್ಳಿ. ಅದರ ಆವೃತ್ತಿ 1,120 ಕಿಲೊಹರ್ಟ್ಸ್, ಸಾಮರ್ಥ್ಯ 50 ಕಿಲೊವಾಟ್. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಸುಮಾರು 268 ಮೀಟರ್. ಹಗಲಿನಲ್ಲಿ ಈ ತರಂಗಗಳು ನೆಲಕ್ಕೆ ಅಂಟಿಕೊಂಡಂತೆ ಸಾಗಿ ಕ್ರಮೇಣ ಕ್ಷೀಣಿಸುತ್ತವೆ. ಮೇಲಕ್ಕೆ ಹೋದವನ್ನು ಅಯಾನುಗೋಳದ ಕೆಳಪದರವಾದ 'ಡಿ' ಪದರ ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಅಯಾನುಗಳೂ ಎಲೆಕ್ಟ್ರಾನುಗಳೂ ಮತ್ತೆ ಕೂಡಿಕೊಂಡು 'ಡಿ' ಪದರ ಬಹುಮಟ್ಟಿಗೆ ಇಲ್ಲವಾಗುತ್ತದೆ. ಆಗ ತರಂಗಗಳು ಇನ್ನೂ ಎತ್ತರದ ಪದರಗಳನ್ನು ತಲುಪಿ, ಅಲ್ಲಿಂದ ಬಾಗಿ ನೂರಾರು ಕಿಲೊಮೀಟರ್ ದೂರದ ನೆಲಕ್ಕೆ ಮರಳುತ್ತವೆ. ಹಿಂದೆ ನಮ್ಮಲ್ಲಿ ರಾತ್ರಿಯ ಹೊತ್ತು ದೂರದೂರಿನ ನಿಲಯಗಳು ರೇಡಿಯೊದಲ್ಲಿ ಇದ್ದಕ್ಕಿದ್ದಂತೆ ಕೇಳಿಬರುತ್ತಿದ್ದುದು ಇದೇ ಕಾರಣದಿಂದ.

ಬೇಸ್‌ಬಾಲ್ ಪಂದ್ಯಗಳು ಹೆಚ್ಚಾಗಿ ನಡೆಯುವುದೂ ಸಂಜೆಯ ಮೇಲೆಯೇ. ಹೀಗಾಗಿ ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್ ತಂಡಕ್ಕೆ ಹಲವು ರಾಜ್ಯಗಳಾಚೆಯ ಹಳ್ಳಿಗಳಲ್ಲೂ ಅಭಿಮಾನಿಗಳು ಹುಟ್ಟಿಕೊಂಡರು. ಅಯಾನುಗೋಳ ಯಾರ ಕರಾರನ್ನೂ ಓದುವುದಿಲ್ಲ!

ಎರಡನೆಯ ದಾರಿ: ಆಂಟೆನಾ

ಮೇಜರ್ ಲೀಗ್ ಪಂದ್ಯವೊಂದು ಮೊದಲು ಟೆಲಿವಿಷನ್ನಿನಲ್ಲಿ ಕಂಡದ್ದು 1939ರ ಆಗಸ್ಟ್ 26ರಂದು. ಬ್ರೂಕ್ಲಿನ್ ಡಾಡ್ಜರ್ಸ್ ಮತ್ತು ಸಿನ್ಸಿನಾಟಿ ರೆಡ್ಸ್ ತಂಡಗಳ ಆಟವನ್ನು ನ್ಯೂಯಾರ್ಕಿನ ಪ್ರಾಯೋಗಿಕ ಕೇಂದ್ರವೊಂದು ಬಿತ್ತರಿಸಿತು. ನೋಡಲು ಬೇಕಾದದ್ದು ಒಂದು ಗ್ರಾಹಕ ಪೆಟ್ಟಿಗೆ, ಒಂದು ಆಂಟೆನಾ.

ನಮ್ಮ ಮನೆಗಳ ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂತೆ ನಿಂತಿದ್ದ ದೂರದರ್ಶನದ ಆಂಟೆನಾಗಳು ಹಿರಿಯ ಓದುಗರಿಗೆ ನೆನಪಿರಬೇಕು. ಅದರ ಮುಖ್ಯ ಭಾಗ ಅರ್ಧ ತರಂಗದೂರದ ಒಂದು ಲೋಹದ ಕಡ್ಡಿ. ಬರುವ ತರಂಗದ ವಿದ್ಯುತ್ ಕ್ಷೇತ್ರ ಕಡ್ಡಿಯಲ್ಲಿರುವ ಎಲೆಕ್ಟ್ರಾನುಗಳನ್ನು ಹಿಂದೆ ಮುಂದೆ ತೂಗುತ್ತದೆ. ಉದ್ದ ಸರಿಯಾಗಿದ್ದರೆ ತೂಗಾಟ ಅನುರಣನಗೊಂಡು ಬಲವಾಗುತ್ತದೆ. ಅಮೆರಿಕದಲ್ಲಿ ಇಂದಿನ ಬಹುಪಾಲು ಟೆಲಿವಿಷನ್ ಕೇಂದ್ರಗಳು 470ರಿಂದ 608 ಮೆಗಾಹರ್ಟ್ಸ್ ನಡುವೆ ಬಿತ್ತರಿಸುತ್ತವೆ. 500 ಮೆಗಾಹರ್ಟ್ಸ್‌ಗೆ ತರಂಗದೂರ 60 ಸೆಂಟಿಮೀಟರ್. ಕಡ್ಡಿಯ ಉದ್ದ 30 ಸೆಂಟಿಮೀಟರ್. ಶಾಲೆಯ ಅಳತೆಪಟ್ಟಿಯಷ್ಟೇ! 200 ಮೆಗಾಹರ್ಟ್ಸ್ ಸುತ್ತಮುತ್ತಲ ಕೇಂದ್ರಗಳಿಗಾದರೆ 75 ಸೆಂಟಿಮೀಟರ್ ಬೇಕು. ಸಣ್ಣ ಒಳಾಂಗಣ ಆಂಟೆನಾಗಳು ಕೆಲವು ವಾಹಿನಿಗಳನ್ನು ಚೆನ್ನಾಗಿ ಹಿಡಿದು ಇನ್ನು ಕೆಲವನ್ನು ಬಿಟ್ಟುಬಿಡುವುದಕ್ಕೆ ಇದೂ ಒಂದು ಕಾರಣ.

ಈ ಆವೃತ್ತಿಯ ತರಂಗಗಳು ಅಯಾನುಗೋಳದಿಂದ ಮರಳುವುದಿಲ್ಲ. ಬಹುಮಟ್ಟಿಗೆ ನೇರ ಗೆರೆಯಲ್ಲಿ ಸಾಗುತ್ತವೆ. ಭೂಮಿ ಗುಂಡಗಿರುವುದರಿಂದ ಅವುಗಳ ವ್ಯಾಪ್ತಿಗೆ ಒಂದು ದಿಗಂತವಿದೆ. ಲೆಕ್ಕ ಸುಲಭ. ಪ್ರೇಷಕದ ಎತ್ತರ ಮತ್ತು ಗ್ರಾಹಕ ಆಂಟೆನಾದ ಎತ್ತರ ಇವೆರಡನ್ನೂ ಮೀಟರುಗಳಲ್ಲಿ ತೆಗೆದುಕೊಳ್ಳಿ. ಎರಡರ ವರ್ಗಮೂಲಗಳನ್ನು ಕೂಡಿಸಿ 4.12ರಿಂದ ಗುಣಿಸಿದರೆ ದೂರ ಕಿಲೊಮೀಟರುಗಳಲ್ಲಿ ಸಿಗುತ್ತದೆ. ವಾತಾವರಣ ತರಂಗವನ್ನು ಸ್ವಲ್ಪ ಬಗ್ಗಿಸುವುದರಿಂದ ಈ ದೂರ ಕಣ್ಣಿಗೆ ಕಾಣುವ ದಿಗಂತಕ್ಕಿಂತ ತುಸು ಹೆಚ್ಚು.

ಕೆಟಿಎಲ್ಎ ಕೇಂದ್ರದ ಪ್ರೇಷಕ ಇರುವುದು ಲಾಸ್ ಏಂಜಲಿಸ್ ಬಯಲಿನ ಅಂಚಿನ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ, ಸುಮಾರು 1,700 ಮೀಟರ್ ಎತ್ತರದಲ್ಲಿ. ವರ್ಗಮೂಲ ಸುಮಾರು 41.2. ಬಯಲಿನ ಮನೆಯೊಂದರ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ ಅದರ ವರ್ಗಮೂಲ 3. ಮೊತ್ತ 44.2ನ್ನು 4.12ರಿಂದ ಗುಣಿಸಿದರೆ ಸುಮಾರು 182 ಕಿಲೊಮೀಟರ್. ನಡುವೆ ಗುಡ್ಡ ಅಡ್ಡ ಬಾರದಿದ್ದರೆ ಇಡೀ ನಗರವನ್ನೂ ಅದರಾಚೆಯ ಊರುಗಳನ್ನೂ ಒಂದೇ ಬೆಟ್ಟ ಮುಟ್ಟಬಲ್ಲದು. ಸ್ಕಲ್ಲಿ ಅವರ ಕೊನೆಯ ಆರು ಪಂದ್ಯಗಳು ಮನೆಮನೆಗೆ ಇಳಿದು ಬಂದದ್ದು ಹೀಗೆ.

ಅಮೆರಿಕದ ದೊಡ್ಡ ಕೇಂದ್ರಗಳು 2009ರ ಜೂನ್ 12ರಂದು ಹಳೆಯ ಅನಲಾಗ್ ಪ್ರಸಾರವನ್ನು ನಿಲ್ಲಿಸಿ ಪೂರ್ತಿ ಡಿಜಿಟಲ್ ಆದವು. ಒಂದು ವಾಹಿನಿಗೆ ದೊರೆಯುವ ಆವೃತ್ತಿಯ ಅಗಲ ಮೊದಲಿನಂತೆ 6 ಮೆಗಾಹರ್ಟ್ಸ್. ಆದರೆ ಈಗ ತರಂಗದ ಪಾರ ಎಂಟು ನಿಗದಿತ ಮಟ್ಟಗಳಲ್ಲಿ ಒಂದಾಗಿರುತ್ತದೆ. ಎಂಟು ಮಟ್ಟ ಎಂದರೆ 2ರ ಘನ. ಆದ್ದರಿಂದ ಪ್ರತಿ ಸಂಕೇತವೂ 3 ಬಿಟ್ ಹೊರುತ್ತದೆ. ಸೆಕೆಂಡಿಗೆ ಇಂಥ ಸುಮಾರು 1 ಕೋಟಿ 7 ಲಕ್ಷ ಸಂಕೇತಗಳು. ಇದರಲ್ಲಿ ಒಂದು ಪಾಲು ದಾರಿಯಲ್ಲಾಗುವ ತಪ್ಪುಗಳನ್ನು ತಿದ್ದಿಕೊಳ್ಳುವ ವ್ಯವಸ್ಥೆಗೆ ಮೀಸಲು. ಅದನ್ನು ಕಳೆದು ಚಿತ್ರ ಮತ್ತು ಧ್ವನಿಗೆ ಉಳಿಯುವುದು ಸೆಕೆಂಡಿಗೆ 19.39 ಮೆಗಾಬಿಟ್.

ಡಿಜಿಟಲ್ ಪ್ರಸಾರದ ಸ್ವಭಾವವೂ ಬೇರೆ. ಅನಲಾಗ್ ಕಾಲದಲ್ಲಿ ಸಂಕೇತ ದುರ್ಬಲವಾದಂತೆ ಪರದೆಯ ಮೇಲೆ ಇರುವೆ ಹರಿದಂತೆ ಚುಕ್ಕೆಗಳು ಹೆಚ್ಚುತ್ತಿದ್ದವು. ಆದರೂ ಆಟ ಮಸುಕಾಗಿ ಕಾಣುತ್ತಿತ್ತು. ಈಗ ತಪ್ಪು ತಿದ್ದುವ ಶಕ್ತಿ ಇರುವವರೆಗೆ ಚಿತ್ರ ಸ್ವಚ್ಛ. ಆ ಮಿತಿ ದಾಟಿದೊಡನೆ ಚಿತ್ರ ಚೂರುಚೂರಾಗಿ ಮಾಯ. ಹೊಲದ ಅಂಚಿನವರೆಗೆ ಸಮತಟ್ಟು, ಆಮೇಲೆ ಬಾವಿ! ಆಂಟೆನಾವನ್ನು ಒಂದೆರಡು ಅಡಿ ಸರಿಸಿದರೆ ಸಾಕು, ಕಾಣದಿದ್ದ ವಾಹಿನಿ ಕಾಣಬಹುದು.

ಆಂಟೆನಾ ಇದ್ದವರಿಗೆ ದೊರೆಯುವುದು ಕಡಿಮೆಯೇನಲ್ಲ. ಋತುವಿನ ಕಿರೀಟವಾದ ವರ್ಲ್ಡ್ ಸೀರೀಸ್ 2000ದಿಂದ 2025ರವರೆಗೆ ಪ್ರತಿ ವರ್ಷವೂ ಫಾಕ್ಸ್ ಎಂಬ ಭೂಪ್ರಸಾರ ಜಾಲದಲ್ಲೇ ಬಂದಿದೆ. ತೊಂದರೆ ಇರುವುದು ಅದಕ್ಕೆ ಮೊದಲಿನ 162 ಪಂದ್ಯಗಳದು.

ಚಿತ್ರವನ್ನು ಕುಗ್ಗಿಸಿದ ಬೆಂಗಳೂರಿಗ

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಒಂದು ಎಚ್‌ಡಿ ಚಿತ್ರದಲ್ಲಿ 1,920 ಅಡ್ಡ, 1,080 ಉದ್ದ, ಒಟ್ಟು 20,73,600 ಚಿತ್ರಬಿಂದುಗಳು. ಬಿಂದುವಿಗೆ 24 ಬಿಟ್, ಸೆಕೆಂಡಿಗೆ 30 ಚಿತ್ರ ಎಂದು ಹಿಡಿದರೆ ಸೆಕೆಂಡಿಗೆ ಸುಮಾರು 149 ಕೋಟಿ ಬಿಟ್ ಬೇಕು. ವಾಹಿನಿಗೆ ಇರುವುದು ಎರಡು ಕೋಟಿಗೂ ಕಡಿಮೆ. ಸುಮಾರು 77 ಸೇರನ್ನು ಒಂದು ಸೇರಿನ ಪಾತ್ರೆಯಲ್ಲಿ ತುಂಬಬೇಕು!

ಈ ಸಂಪೀಡನೆಯ ತಿರುಳಿನಲ್ಲಿರುವ ಗಣಿತಕ್ಕೆ ವಿವಿಕ್ತ ಕೊಸೈನ್ ರೂಪಾಂತರ ಎಂದು ಹೆಸರು. ಅದನ್ನು ರೂಪಿಸಿದ ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ಹೋದರು. ಕ್ಯಾನ್ಸಸ್ ರಾಜ್ಯದ ವಿಶ್ವವಿದ್ಯಾಲಯದಲ್ಲಿದ್ದಾಗ, 1972ರಲ್ಲಿ, ಈ ವಿಚಾರದ ಸಂಶೋಧನೆಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಗಿದೆ ಎಂದು ಪರಿಶೀಲಕರೊಬ್ಬರಿಗೆ ಅನ್ನಿಸಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಅಹ್ಮದ್ ಕೈಬಿಡಲಿಲ್ಲ. ಶಿಷ್ಯ ಟಿ. ನಟರಾಜನ್ ಮತ್ತು ಸ್ನೇಹಿತ ಕೆ. ಆರ್. ರಾವ್ ಅವರೊಡನೆ ಕೆಲಸ ಮುಂದುವರಿಸಿದರು. ಮೂವರ ಪ್ರಬಂಧ 1974ರ ಜನವರಿಯಲ್ಲಿ ಪ್ರಕಟವಾಯಿತು.

ವಿಚಾರ ನಿಜಕ್ಕೂ ಸರಳ. ಚಿತ್ರವನ್ನು ಎಂಟಕ್ಕೆ ಎಂಟರ ಚೌಕಗಳಾಗಿ ಕತ್ತರಿಸಿ. ಒಂದು ಚೌಕದಲ್ಲಿ 64 ಬಿಂದುಗಳು. ಆ 64 ಸಂಖ್ಯೆಗಳನ್ನು ಬೇರೆ ಬೇರೆ ಏರಿಳಿತದ 64 ಕೊಸೈನ್ ವಿನ್ಯಾಸಗಳ ಮೊತ್ತವಾಗಿ ಬರೆಯಬಹುದು. ಬೇಸ್‌ಬಾಲ್ ಅಂಗಳದ ಹಸಿರು ಹುಲ್ಲಿನ ಚೌಕವೊಂದರಲ್ಲಿ ಬಿಂದುಗಳು ಹೆಚ್ಚುಕಡಿಮೆ ಒಂದೇ ಬಣ್ಣದವು. ಅದನ್ನು ಸರಾಸರಿ ಹೇಳುವ ಒಂದು ಸಂಖ್ಯೆಯೂ ಇನ್ನೆರಡು ಮೂರು ಸಂಖ್ಯೆಗಳೂ ಸಾಕಷ್ಟು ಚೆನ್ನಾಗಿ ವರ್ಣಿಸುತ್ತವೆ. ಉಳಿದವು ಸೊನ್ನೆಯ ಹತ್ತಿರ. ಅವನ್ನು ಕೈಬಿಟ್ಟರೂ ಕಣ್ಣಿಗೆ ತಿಳಿಯದು. ಇದರ ಜೊತೆಗೆ ಇನ್ನೊಂದು ಉಪಾಯ: ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಬದಲಾದದ್ದನ್ನು ಮಾತ್ರ ಕಳಿಸುವುದು. ಚೆಂಡು ಎಸೆಯುವವನು ನಿಂತು ಯೋಚಿಸುವಾಗ ಅಂಗಳದಲ್ಲಿ ಬದಲಾಗುವುದೇನು? ಬಹಳ ಕಡಿಮೆ. ಈ ಆಟದ ನಿಧಾನಗತಿ ಸಂಪೀಡನೆಗೆ ಅನುಕೂಲವೇ.

ಡಿಜಿಟಲ್ ಟೆಲಿವಿಷನ್, ಅಂತರಜಾಲದ ವಿಡಿಯೊ, ಕ್ಯಾಮರಾದ ಜೆಪೆಗ್ ಚಿತ್ರ ಎಲ್ಲದರಲ್ಲೂ ಈ ರೂಪಾಂತರವೋ ಅದರ ಹತ್ತಿರದ ಬಂಧುವೋ ಇದೆ.

ಮೂರನೆಯ ದಾರಿ: ಅಂತರಜಾಲ

2002ರ ಆಗಸ್ಟ್ 26ರಂದು, ಅಂದರೆ ಮೊದಲ ಟೆಲಿವಿಷನ್ ಪ್ರಸಾರವಾಗಿ ಸರಿಯಾಗಿ 63 ವರ್ಷಗಳ ಮೇಲೆ, ನ್ಯೂಯಾರ್ಕ್ ಯಾಂಕೀಸ್ ಮತ್ತು ಟೆಕ್ಸಾಸ್ ರೇಂಜರ್ಸ್ ತಂಡಗಳ ಪಂದ್ಯವನ್ನು ಮೇಜರ್ ಲೀಗ್ ನೇರವಾಗಿ ಅಂತರಜಾಲದಲ್ಲಿ ಬಿತ್ತರಿಸಿತು. ನೋಡಿದವರು ಸುಮಾರು 30 ಸಾವಿರ ಮಂದಿ. ಮುಂದಿನ ವರ್ಷ ಅದು ಎಂಎಲ್‌ಬಿ ಟಿವಿ ಎಂಬ ಚಂದಾ ಸೇವೆಯಾಯಿತು. ಇದಕ್ಕಾಗಿ ಲೀಗ್ ಬೆಳೆಸಿದ ತಾಂತ್ರಿಕ ವಿಭಾಗ ಎಷ್ಟು ಸಮರ್ಥವಾಯಿತೆಂದರೆ, 2017ರಲ್ಲಿ ಡಿಸ್ನಿ ಸಂಸ್ಥೆ ಅದರಿಂದ ಬೇರ್ಪಟ್ಟ ಕಂಪೆನಿಯ ಬಹುಪಾಲನ್ನು ಕೊಂಡು ತನ್ನ ಸೇವೆಗಳಿಗೆ ಅಡಿಪಾಯ ಮಾಡಿಕೊಂಡಿತು.

ಆಂಟೆನಾ ಪ್ರಸಾರಕ್ಕೂ ಇದಕ್ಕೂ ಮೂಲಭೂತ ವ್ಯತ್ಯಾಸವಿದೆ. ಬೆಟ್ಟದ ಮೇಲಿನ ಪ್ರೇಷಕಕ್ಕೆ ಒಬ್ಬ ನೋಡಿದರೂ ಒಂದೇ, ಒಂದು ಕೋಟಿ ಮಂದಿ ನೋಡಿದರೂ ಒಂದೇ. ಅಂತರಜಾಲದಲ್ಲಿ ಸಾಮಾನ್ಯವಾಗಿ ಪ್ರತಿ ನೋಡುಗನಿಗೂ ಪ್ರತ್ಯೇಕ ಪ್ರತಿ ಹೋಗಬೇಕು. ಆದ್ದರಿಂದ ಊರೂರುಗಳಲ್ಲಿರುವ ಸರ್ವರುಗಳಲ್ಲಿ ಪ್ರತಿಗಳನ್ನು ಮೊದಲೇ ಇರಿಸಿ, ಹತ್ತಿರದ್ದರಿಂದ ಹಂಚುತ್ತಾರೆ. ಆಟವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸಿದ್ಧಪಡಿಸುತ್ತಾರೆ. ನಿಮ್ಮ ಸಂಪರ್ಕ ಚುರುಕಾಗಿದ್ದರೆ ಸೆಕೆಂಡಿಗೆ 6 ಮೆಗಾಬಿಟ್‌ನ ತುಣುಕು. ನಿಧಾನವಾದೊಡನೆ ಮುಂದಿನ ತುಣುಕನ್ನು 1 ಮೆಗಾಬಿಟ್‌ನದಾಗಿ ಯಂತ್ರವೇ ಆರಿಸಿಕೊಳ್ಳುತ್ತದೆ. ಚಿತ್ರ ಒಮ್ಮೆ ಮಸುಕಾಗಿ ಮತ್ತೆ ತಿಳಿಯಾಗುವುದು ಇದರಿಂದಲೇ.

ಆಟ ನಡುವೆ ನಿಲ್ಲದಿರಲೆಂದು ಯಂತ್ರ ಕೆಲವು ತುಣುಕುಗಳನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುತ್ತದೆ. ಇದಕ್ಕೆ ತೆರುವ ಬೆಲೆ ಕಾಲ. ಆಂಟೆನಾದಲ್ಲಿ ಕೆಲವೇ ಸೆಕೆಂಡು ತಡವಾಗಿ ಕಾಣುವ ಹೊಡೆತ ಅಂತರಜಾಲದಲ್ಲಿ ಅರ್ಧ ನಿಮಿಷದಷ್ಟು ತಡವಾಗಬಹುದು. ನೆರೆಮನೆಯವರ ಕೇಕೆ ಮೊದಲು, ಹೊಡೆತ ಆಮೇಲೆ!

ದಾರಿಯ ನಡುವೆ ಗೋಡೆ

ಮೂರು ದಾರಿಗಳಿದ್ದ ಮೇಲೆ ಕಷ್ಟವೇನು? ಅಯೋವಾ ರಾಜ್ಯಕ್ಕೆ ಹೋಗೋಣ. ಅಲ್ಲಿ ಒಂದೂ ಮೇಜರ್ ಲೀಗ್ ತಂಡವಿಲ್ಲ. ಆದರೆ ಸುತ್ತಲಿನ ರಾಜ್ಯಗಳ ಆರು ತಂಡಗಳು ಅಯೋವಾವನ್ನು ತಮ್ಮ ಸೀಮೆಯೆಂದು ಹೇಳಿಕೊಂಡಿವೆ: ಷಿಕಾಗೊದ ಕಬ್ಸ್ ಮತ್ತು ವೈಟ್ ಸಾಕ್ಸ್, ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್, ಮಿನೆಸೊಟದ ಟ್ವಿನ್ಸ್, ಕ್ಯಾನ್ಸಸ್ ಸಿಟಿಯ ರಾಯಲ್ಸ್, ಮಿಲ್ವಾಕಿಯ ಬ್ರೂವರ್ಸ್. ರಾಜಧಾನಿ ಡಿ ಮೊಯಿನ್‌ನಿಂದ ಷಿಕಾಗೊ ಸುಮಾರು 500 ಕಿಲೊಮೀಟರ್. ಅಲ್ಲಿನ ಕಬ್ಸ್ ಅಭಿಮಾನಿಯೊಬ್ಬ ಎಂಎಲ್‌ಬಿ ಟಿವಿಗೆ ವರ್ಷದ ಹಣ ಕಟ್ಟಿದನೆನ್ನಿ. ದೂರದ ತಂಡಗಳು ಕಾಣುತ್ತವೆ, ಕಬ್ಸ್ ಸೇರಿದಂತೆ ಈ ಆರು ತಂಡಗಳು ಮಾತ್ರ ಕಾಣವು. ಅವನೇ ನ್ಯೂಯಾರ್ಕಿಗೆ ಮನೆ ಬದಲಾಯಿಸಿದರೆ ಅದೇ ಚಂದಾದಲ್ಲಿ ಕಬ್ಸ್ ಆಟ ಕಾಣತೊಡಗುತ್ತದೆ. ದೂರದವನಿಗೆ ಹತ್ತಿರ, ಹತ್ತಿರದವನಿಗೆ ದೂರ.

ಇದು ತಂತ್ರಜ್ಞಾನದ ದೋಷವಲ್ಲ. ತಂತ್ರಜ್ಞಾನವನ್ನು ಬಳಸಿಯೇ ಕಟ್ಟಿದ ಗೋಡೆ. ನಿಮ್ಮ ಯಂತ್ರ ತುಣುಕನ್ನು ಕೇಳಿದಾಗ ಅದರ ಅಂತರಜಾಲ ವಿಳಾಸವೂ ಸರ್ವರಿಗೆ ತಿಳಿಯುತ್ತದೆ. ಯಾವ ವಿಳಾಸ ಯಾವ ಊರಿನ ಸೇವಾ ಕಂಪೆನಿಗೆ ಸೇರಿದೆ ಎಂಬ ಪಟ್ಟಿಗಳಿವೆ. ಮೊಬೈಲ್ ಫೋನಾದರೆ ಉಪಗ್ರಹಗಳ ನೆರವಿನಿಂದ ತಾನಿರುವ ಜಾಗವನ್ನು ತಾನೇ ಹೇಳಬಲ್ಲದು. ಆ ಜಾಗದ ಅಂಚೆ ಸಂಖ್ಯೆ ತಂಡದ ಸೀಮೆಯೊಳಗಿದ್ದರೆ ಬಾಗಿಲು ಮುಚ್ಚುತ್ತದೆ. ವಿಳಾಸವನ್ನು ಮರೆಮಾಚುವ ಉಪಾಯಗಳು ಇಲ್ಲದಿಲ್ಲ. ಆದರೆ ಅವು ಸೇವೆಯ ಕರಾರಿಗೆ ವಿರುದ್ಧ. ಸೇವೆಯವರು ಅವನ್ನು ಪತ್ತೆ ಹಚ್ಚಿ ತಡೆಯಲೂಬಹುದು.

ಗೋಡೆಯನ್ನು ಕಟ್ಟಿದ್ದೇಕೆ? ಕೇಬಲ್ ಹುಟ್ಟಿದ್ದು 1940ರ ದಶಕದ ಕೊನೆಯಲ್ಲಿ, ಗುಡ್ಡಗಳ ಮರೆಯಲ್ಲಿದ್ದು ಪ್ರಸಾರ ಸಿಗದ ಊರುಗಳಿಗಾಗಿ. ಎತ್ತರದಲ್ಲಿ ಒಂದು ಆಂಟೆನಾ ನೆಟ್ಟು ಅಲ್ಲಿಂದ ಮನೆಗಳಿಗೆ ತಂತಿ ಎಳೆದರು. ಸಿಗದವರಿಗೆ ಸಿಗುವಂತೆ ಮಾಡಲು ಬಂದ ತಂತಿ ಅದು. ಕಾಲಕ್ರಮೇಣ ತಂತಿಗೇ ಸ್ವಂತ ವಾಹಿನಿಗಳು ಹುಟ್ಟಿದವು. ಪ್ರಾದೇಶಿಕ ಕ್ರೀಡಾ ವಾಹಿನಿಗಳು ಒಂದೊಂದು ತಂಡದ ಹಕ್ಕನ್ನು ಕೊಂಡವು. ಕೇಬಲ್ ಇರುವ ಪ್ರತಿ ಮನೆಯೂ, ಆಟ ನೋಡಲಿ ಬಿಡಲಿ, ತಿಂಗಳ ಬಾಡಿಗೆಯಲ್ಲಿ ಅದಕ್ಕೊಂದು ಪಾಲು ತೆರುತ್ತಿತ್ತು. ಅದೇ ಆಟ ಅಂತರಜಾಲದಲ್ಲಿ ಬೇರೆಯಾಗಿ ಸಿಕ್ಕರೆ ಕೇಬಲ್ ಏಕೆ ಬೇಕು? ಆದ್ದರಿಂದ ತಂಡದ ಸೀಮೆಯಲ್ಲಿ ಅಂತರಜಾಲದ ಬಾಗಿಲು ಮುಚ್ಚಿರಬೇಕೆಂದು ಕರಾರಾಯಿತು. 1922ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೇಸ್‌ಬಾಲನ್ನು ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ಹೊರಗಿಟ್ಟ ತೀರ್ಪೂ ಇಂಥ ಸೀಮೆಗಳಿಗೆ ಹಿನ್ನೆಲೆಯಾಗಿತ್ತು. 2012ರಲ್ಲಿ ಅಭಿಮಾನಿಗಳು ಈ ಪದ್ಧತಿಯ ವಿರುದ್ಧ ಮೊಕದ್ದಮೆ ಹೂಡಿದರು. 2016ರ ಜನವರಿಯಲ್ಲಿ ರಾಜಿಯಾಗಿ ಚಂದಾ ಅಗ್ಗವಾಯಿತು, ಒಂದೇ ತಂಡಕ್ಕೆ ಚಂದಾ ಕಟ್ಟುವ ಅವಕಾಶ ಬಂತು. ಆದರೆ ಊರಿನ ತಂಡದ ಗೋಡೆ ಹಾಗೆಯೇ ಉಳಿಯಿತು.

ಗೋಡೆಯಲ್ಲಿ ಬಿರುಕು

ಗೋಡೆಯನ್ನು ಬಿರುಕು ಬಿಡಿಸಿದ್ದು ನ್ಯಾಯಾಲಯವಲ್ಲ, ಕೇಬಲ್ ಕಡಿದ ಮನೆಗಳು. ಬಾಡಿಗೆ ಕಟ್ಟುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. 14 ಮೇಜರ್ ಲೀಗ್ ತಂಡಗಳ ಹಕ್ಕು ಹೊಂದಿದ್ದ ಡೈಮಂಡ್ ಸ್ಪೋರ್ಟ್ಸ್ ಗ್ರೂಪ್ 2023ರ ಮಾರ್ಚ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡಕ್ಕೆ ಕೊಡಬೇಕಾದ ಕಂತು ಬರಲಿಲ್ಲ. 2023ರ ಮೇ 31ರಿಂದ ಆ ತಂಡದ ಪ್ರಸಾರವನ್ನು ಲೀಗ್ ತಾನೇ ವಹಿಸಿಕೊಂಡು, ಊರಿನವರಿಗೂ ಅಂತರಜಾಲದ ಬಾಗಿಲು ತೆರೆಯಿತು. ಚಂದಾ ತಿಂಗಳಿಗೆ 19.99 ಡಾಲರ್. ಅದೇ ಜುಲೈನಲ್ಲಿ ಅರಿಜೋನಾ ತಂಡವೂ ಸೇರಿತು. ಆಮೇಲಿನ ಋತುಗಳಲ್ಲಿ ಕೊಲರಾಡೊ, ಕ್ಲೀವ್‌ಲ್ಯಾಂಡ್, ಮಿನೆಸೊಟ ತಂಡಗಳೂ ಈ ದಾರಿ ಹಿಡಿದವು. ಷಿಕಾಗೊ ಕಬ್ಸ್ ತಂಡದ ವಾಹಿನಿ 2023ರಲ್ಲಿ ತನ್ನದೇ ಅಂತರಜಾಲ ಚಂದಾ ಆರಂಭಿಸಿತು. ಹಿಂದೆ ಅಸಾಧ್ಯವೆಂದದ್ದು ಸಾಧ್ಯವಾಯಿತು. ಅದಕ್ಕೆ ಹೊಸ ಆವಿಷ್ಕಾರವೇನೂ ಬೇಕಾಗಲಿಲ್ಲ. ಕರಾರು ಬದಲಾದದ್ದೇ ಸಾಕಾಯಿತು.

ಆದರೆ ಹೊಸ ತೊಡಕೂ ಹುಟ್ಟಿದೆ. 2022ರಿಂದ ಶುಕ್ರವಾರದ ಕೆಲವು ಪಂದ್ಯಗಳು ಆಪಲ್ ಸಂಸ್ಥೆಯ ಸೇವೆಗೆ ಹೋದವು. 2025ರ ನವೆಂಬರಿನಲ್ಲಿ ಪ್ರಕಟವಾದ, 2026ರಿಂದ 2028ರವರೆಗಿನ ಒಪ್ಪಂದಗಳಲ್ಲಿ ಎನ್‌ಬಿಸಿ, ನೆಟ್‌ಫ್ಲಿಕ್ಸ್, ಇಎಸ್‌ಪಿಎನ್ ಸಂಸ್ಥೆಗಳಿಗೆ ಬೇರೆ ಬೇರೆ ಪಾಲು. ಒಂದು ದೊಡ್ಡ ಗೋಡೆಯ ಜಾಗದಲ್ಲಿ ಹಲವು ಸಣ್ಣ ಗೇಟುಗಳು. ಪ್ರತಿ ಗೇಟಿನಲ್ಲೂ ಸುಂಕ. ತನ್ನ ತಂಡದ 162 ಪಂದ್ಯಗಳನ್ನೂ ನೋಡಬಯಸುವವನು ಈಗ ಯಾವ ದಿನ ಯಾವ ಗೇಟು ಎಂದು ಪಂಚಾಂಗ ನೋಡಿದಂತೆ ನೋಡಬೇಕು. ಚುರುಕಾದ ಅಂತರಜಾಲವಿಲ್ಲದ ಹಳ್ಳಿಯವರಿಗೂ, ಗುಪ್ತಪದಗಳ ಲೋಕಕ್ಕೆ ಹೊಸಬರಾದ ವೃದ್ಧರಿಗೂ ಇದು ಸುಲಭವಲ್ಲ.

ಹಾಗಾದರೆ ಮಿತವ್ಯಯದ ಅಭಿಮಾನಿ ಏನು ಮಾಡಬಹುದು? ಮೊದಲು ಆಂಟೆನಾ, ಒಮ್ಮೆ ಕೊಂಡರೆ ರಾಷ್ಟ್ರೀಯ ಜಾಲಗಳ ಪಂದ್ಯಗಳೂ ವರ್ಲ್ಡ್ ಸೀರೀಸೂ ಉಚಿತ. ಎರಡನೆಯದಾಗಿ ದಿನದ ಆಟಕ್ಕೆ ಊರಿನ ರೇಡಿಯೊ. ದೂರದ ಊರಿನ ತಂಡವನ್ನು ಮೆಚ್ಚಿದವನಾದರೆ ಲೀಗ್‌ನ ಚಂದಾ. ಊರಿನ ತಂಡವನ್ನೇ ಮೆಚ್ಚಿದವನಾದರೆ ಆ ತಂಡದ ಸ್ಥಳೀಯ ಅಂತರಜಾಲ ಚಂದಾ ಇದೆಯೇ ಎಂದು ಹಣ ಕಟ್ಟುವ ಮೊದಲೇ ತನ್ನ ಅಂಚೆ ಸಂಖ್ಯೆ ಕೊಟ್ಟು ವಿಚಾರಿಸಬೇಕು. ಕೆಲಸಕ್ಕೆಂದು ಅಮೆರಿಕಕ್ಕೆ ಹೋಗಿ ಈ ಆಟದ ರುಚಿ ಹತ್ತಿಸಿಕೊಂಡ ಕನ್ನಡಿಗರಿಗೂ ಇದೇ ಕ್ರಮ.

ಆಕಾಶ ಯಾರದು?

ಈ ಪ್ರಶ್ನೆ ನಮಗೂ ಹೊಸದಲ್ಲ. 1995ರಲ್ಲಿ ಕ್ರಿಕೆಟ್ ಪ್ರಸಾರದ ವಿವಾದವೊಂದರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ತೀರ್ಪಿತ್ತಿತು. 2007ರ ಕಾಯಿದೆಯೊಂದರ ಪ್ರಕಾರ, ರಾಷ್ಟ್ರೀಯ ಮಹತ್ವದ್ದೆಂದು ಸಾರಿದ ಕ್ರೀಡೆಗಳ ಸಂಕೇತವನ್ನು ಹಕ್ಕು ಪಡೆದ ಖಾಸಗಿ ವಾಹಿನಿಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಬೇಕು. ಬೇಸ್‌ಬಾಲ್ ಅಭಿಮಾನಿಗೆ ಇಂಥ ಕಾನೂನಿನ ಆಸರೆಯಿಲ್ಲ.

ತರಗತಿಯಲ್ಲಿ ಈ ವಿಷಯವನ್ನು ಎತ್ತಿಕೊಳ್ಳುವ ಶಿಕ್ಷಕರು ಮೂರು ಲೆಕ್ಕಗಳನ್ನು ಕೊಡಬಹುದು. ಒಂದು, 100 ಮೀಟರ್ ಎತ್ತರದ ಗೋಪುರದಿಂದ 4 ಮೀಟರ್ ಎತ್ತರದ ಆಂಟೆನಾಕ್ಕೆ ದಿಗಂತ ಎಷ್ಟು ದೂರ? ಎರಡು, 600 ಮೆಗಾಹರ್ಟ್ಸ್ ತರಂಗಕ್ಕೆ ಅರ್ಧ ತರಂಗದೂರದ ಕಡ್ಡಿ ಎಷ್ಟು ಉದ್ದ? ಮೂರು, ಸೆಕೆಂಡಿಗೆ 6 ಮೆಗಾಬಿಟ್‌ನಂತೆ ಮೂರು ಗಂಟೆಯ ಪಂದ್ಯ ನೋಡಿದರೆ ಎಷ್ಟು ಗಿಗಾಬೈಟ್ ಖರ್ಚಾಗುತ್ತದೆ? ಉತ್ತರಗಳು ಕ್ರಮವಾಗಿ ಸುಮಾರು 49 ಕಿಲೊಮೀಟರ್, 25 ಸೆಂಟಿಮೀಟರ್, 8.1 ಗಿಗಾಬೈಟ್.

ಲೆಕ್ಕ ಮುಗಿದ ಮೇಲೆ ನಾಲ್ಕನೆಯ ಪ್ರಶ್ನೆಯನ್ನೂ ಕೇಳಿ: ಸಂಕೇತ ಮನೆಬಾಗಿಲಿಗೆ ಬಂದು ನಿಂತಿದ್ದರೂ ಚಿತ್ರ ಕಾಣದಿದ್ದರೆ ದೋಷವನ್ನು ಎಲ್ಲಿ ಹುಡುಕಬೇಕು? ತಂತಿಯಲ್ಲಿಯೋ, ತರಂಗದಲ್ಲಿಯೋ, ಕಾಗದದಲ್ಲಿಯೋ? ಲಾಸ್ ಏಂಜಲಿಸ್‌ನ ಮಂದಿ ಮೂರು ಋತು ಕಾದು, ಕೊನೆಗೆ ಆರು ಪಂದ್ಯಗಳನ್ನು ಪಡೆದರು. ಮೌಂಟ್ ವಿಲ್ಸನ್ ಆ ಮೂರು ವರ್ಷವೂ ಅಲ್ಲಿಯೇ ಇತ್ತು.